ಜನವಾಡ ಸೀಮೆಯ ಸಭಾ ರಿಜಿಸ್ಟರುಗಳು: ಹೊಲವಿಲ್ಲದವರ ವಂಶಚರಿತ್ರೆಗೆ ಒಂದು ಆಕರ

ಬೀದರ–ಔರಾದ ರಸ್ತೆಯ ಮೇಲಿರುವ ಜನವಾಡದಲ್ಲಿ ಯಾರಾದರೂ ತಮ್ಮ ಮನೆತನದ ಹಿಂದಿನವರನ್ನು ಹುಡುಕಲು ಹೊರಟರೆ, ಎಲ್ಲರೂ ಮೊದಲು ತೋರಿಸುವುದು ತಹಶೀಲ್ ಕಚೇರಿಯನ್ನು. ಇಂದಿನ ಪಹಣಿ, ಅದರ ಹಿಂದೆ 1954–55ರ ಖಾಸ್ರಾ ಪಹಣಿ, ಅದಕ್ಕೂ ಹಿಂದೆ ನಿಜಾಮರ ಕಾಲದ ಸೇತ್ವಾರ್ ಎಂಬ ಉರ್ದು ಭೂದಾಖಲೆ. ಹೊಲ ಯಾರಿಂದ ಯಾರಿಗೆ ಬಂತೆಂದು ನೋಡುತ್ತ ಹೋದರೆ ಮುತ್ತ್ಯಾನ ಅಪ್ಪನವರೆಗೂ ತಲುಪಬಹುದು. ಆದರೆ ಇದು ಹೊಲವಿದ್ದವರ ದಾರಿ. ಇನ್ನೊಬ್ಬರ ಹೊಲದಲ್ಲಿ ದುಡಿದು ಬದುಕಿದ ಹೊಲೆಯ, ಮಾದಿಗ ಮನೆತನಗಳ ಹೆಸರು ಈ ಕಾಗದಗಳಲ್ಲಿ ಸಿಗುವುದು ಅಪರೂಪ. ಸೇತ್‌ಸಿಂಧಿಯಂಥ ಊರ ಚಾಕರಿಗೆ ಇನಾಂ ಭೂಮಿ ಪಡೆದ ಕೆಲವು ಮನೆಗಳು ಮಾತ್ರ ಇದಕ್ಕೆ ಹೊರತು. ಹೆಂಗಸರ ಹೆಸರಂತೂ, ಗಂಡ ತೀರಿಕೊಂಡು ಹೊಲ ಅವರ ಪಾಲಿಗೆ ಬಂದರಷ್ಟೇ ಕಾಣಿಸುತ್ತದೆ.

ಹತ್ತೊಂಬತ್ತನೇ ಶತಮಾನದ ಕೊನೆಯ ದಶಕದ ಹೊತ್ತಿಗೆ ಬೀದರಿನಲ್ಲಿ ನೆಲೆಯೂರಿದ ಅಮೆರಿಕದ ಮೆಥೋಡಿಸ್ಟ್ ಮಿಷನ್‌ಗೆ ಸೇರಿದವರಲ್ಲಿ ಹೆಚ್ಚಿನವರು ಈ ಹೊಲವಿಲ್ಲದ ಮನೆಗಳವರೇ. ಪಾಸ್ಟರರು ಬರೆದಿಡುತ್ತ ಬಂದ ದೀಕ್ಷಾಸ್ನಾನ, ಮದುವೆ, ಸಮಾಧಿ ಮತ್ತು ಸದಸ್ಯತ್ವದ ರಿಜಿಸ್ಟರುಗಳನ್ನು ನಾವು ಇದುವರೆಗೆ ಮಿಷನ್ ಚರಿತ್ರೆಯ ಅಂಕಿಅಂಶವೆಂದು ಓದಿದ್ದೇವೆ. ಅವನ್ನು ಮನೆತನಗಳ ಚರಿತ್ರೆಯಾಗಿ ಓದಬೇಕೆಂಬುದು ಈ ಲೇಖನದ ವಾದ. ಕಾರಣ ಸರಳ: ಈ ಸೀಮೆಯ ಎಷ್ಟೋ ದಲಿತ ಮನೆಗಳ ಹೆಂಗಸರ ಹೆಸರನ್ನು ಹೆಸರೆಂದೇ ಗುರುತಿಸಿ ಬರೆದ ಮೊದಲ ಕಾಗದ ಬಹುಶಃ ಇದೇ.

ಇಂಥ ಓದಿಗೆ ಒಂದು ಸಿದ್ಧ ಮಾದರಿ ಇಂಗ್ಲೆಂಡಿನ ಹಳ್ಳಿಗಳದು. ಅಲ್ಲಿ ಪ್ರತಿ ಪ್ಯಾರಿಷ್ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡಬೇಕೆಂದು 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದ. 1812ರ ಕಾಯ್ದೆ ಅಚ್ಚಾದ ನಮೂನೆಗಳನ್ನು ತಂದಿತು. ಸರ್ಕಾರಿ ನೋಂದಣಿ ಶುರುವಾದದ್ದು 1837ರಲ್ಲಿ. ಇತಿಹಾಸಕಾರರಾದ ರಿಗ್ಲಿ ಮತ್ತು ಸ್ಕೋಫೀಲ್ಡ್ 404 ಪ್ಯಾರಿಷ್‌ಗಳ ದಾಖಲೆ ಆಧರಿಸಿ ಇಂಗ್ಲೆಂಡಿನ ಜನಸಂಖ್ಯೆಯ ಚರಿತ್ರೆ ಬರೆದು 1981ರಲ್ಲಿ ಪ್ರಕಟಿಸಿದರು. ಅಲ್ಲಿನ ಸಂಶೋಧಕ ಮದುವೆಯಿಂದ ದೀಕ್ಷಾಸ್ನಾನಕ್ಕೆ, ಅಲ್ಲಿಂದ ತಂದೆತಾಯಿಯ ಮದುವೆಗೆ ಹಿಂದೆ ಹಿಂದೆ ಸರಿಯುತ್ತಾನೆ.

ಜನವಾಡ ಸೀಮೆಯಲ್ಲಿ ಈ ಕ್ರಮ ಎರಡು ಮೂರು ತಲೆಮಾರಿಗೆ ನಿಂತುಬಿಡುತ್ತದೆ. ಇಂಗ್ಲೆಂಡಿನ ಪ್ಯಾರಿಷ್ ಪುಸ್ತಕ ರಾಜಾಜ್ಞೆಯಿಂದ ಹುಟ್ಟಿದ್ದು, ಊರಿನ ಹೆಚ್ಚುಕಡಿಮೆ ಎಲ್ಲರನ್ನೂ ಒಳಗೊಂಡದ್ದು. ಇಲ್ಲಿಯದು ಚರ್ಚಿನ ಸಭೆಗೆ ಸೇರಿದವರದಷ್ಟೇ. ಇಲ್ಲಿ ಒಂದು ಮನೆತನದ ಮೊದಲ ನಮೂದು ಶಿಶುವಿನದಲ್ಲ, ಬೆಳೆದು ನಿಂತ ಗಂಡಹೆಂಡಿರದು. ಅವರೊಂದಿಗೇ ಸಾಲಾಗಿ ಮಕ್ಕಳು. ಅದರಾಚೆಗಿನ ತಲೆಮಾರು ಉಳಿದಿರುವುದು ‘ತಂದೆಯ ಹೆಸರು’ ಎಂಬ ಕಾಲಂನಲ್ಲಿ ಮಾತ್ರ. ಹಾಗಾಗಿ ಇಲ್ಲಿ ಹಿಂದಕ್ಕೆ ಹೋಗುವುದಕ್ಕಿಂತ ಪಕ್ಕಕ್ಕೆ ಹೋಗುವುದು ಫಲ ಕೊಡುತ್ತದೆ.

ಪಕ್ಕಕ್ಕೆ ಹೋಗುವುದೆಂದರೇನು? ಮಾದರಿಗಾಗಿ ನಾನೇ ಕಟ್ಟಿದ ಒಂದು ನಮೂದನ್ನು ನೋಡೋಣ: “ಶಾಂತಮ್ಮ, ವಯಸ್ಸು ಸುಮಾರು ಎರಡು ವರ್ಷ, ತಂದೆ ಯೇಸುದಾಸ ಉರ್ಫ್ ಮಾಣಿಕಪ್ಪ, ತಾಯಿ ಮರಿಯಮ್ಮ, ವಾಸ ಜನವಾಡ, ಸಾಕ್ಷಿ ದಾವೀದಪ್ಪ, ಚಿಮಕೋಡ.” ‘ಸುಮಾರು’ ಎಂಬ ಮಾತು, ಪಾಸ್ಟರರು ಹಳ್ಳಿಗೆ ಬಂದಾಗ ಅದುವರೆಗೆ ಹುಟ್ಟಿದ ಮಕ್ಕಳಿಗೆಲ್ಲ ಒಂದೇ ದಿನ ದೀಕ್ಷಾಸ್ನಾನವಾಗಿರಬಹುದೆಂದು ಸೂಚಿಸುತ್ತದೆ. ಅದೇ ತಾರೀಖಿನ ಅಕ್ಕಪಕ್ಕದ ನಮೂದುಗಳನ್ನೂ ಓದಲೇಬೇಕು. ಅಲ್ಲಿರುವವರು ಅಣ್ಣತಮ್ಮಂದಿರ ಮಕ್ಕಳಾಗಿರುವ ಸಂಭವ ಹೆಚ್ಚು. ‘ಉರ್ಫ್ ಮಾಣಿಕಪ್ಪ’ ಸಭೆಗೆ ಸೇರುವ ಮುಂಚಿನ ಹೆಸರು. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲೂ ಇನಾಂ ಕಡತದಲ್ಲೂ ಹುಡುಕಬೇಕಾದದ್ದು ಇದನ್ನೇ, ಯೇಸುದಾಸನನ್ನಲ್ಲ. ಎಲ್ಲಕ್ಕಿಂತ ಬೆಲೆಯುಳ್ಳವನು ಚಿಮಕೋಡದ ಆ ಸಾಕ್ಷಿ. ಆತ ಮಗುವಿನ ಸೋದರಮಾವನಾಗಿದ್ದರೆ ಮರಿಯಮ್ಮನ ತವರು ನಮಗೆ ಸಿಕ್ಕಿತು. ಭೂದಾಖಲೆ ಎಂದೂ ಹೇಳದ ತಾಯಿಯ ಕಡೆಯ ಬಳ್ಳಿ ಸಾಕ್ಷಿಯ ಕಾಲಂನಿಂದ ಬಿಚ್ಚಿಕೊಳ್ಳುತ್ತದೆ. ಹಿರಿಯ ಹೆಂಗಸರನ್ನು ಕೇಳದೆ ಈ ನಂಟು ಗಟ್ಟಿಯಾಗದು. ಯಾರು ಯಾರಿಗೆ ಹೆಣ್ಣು ಕೊಟ್ಟರೆಂಬ ಲೆಕ್ಕ ಅವರ ನಾಲಿಗೆಯ ಮೇಲಿದೆ.

ವರ್ಷ ಹೊಂದಿಸುವುದು ಇನ್ನೊಂದು ತೊಡಕು. ಚರ್ಚಿನದು ಕ್ರಿಸ್ತಶಕ, ನಿಜಾಮರ ಕಚೇರಿಯದು ಫಸಲಿ. ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷ ಅಕ್ಟೋಬರಿನಲ್ಲಿ ಆಜುರ್ ತಿಂಗಳಿಂದ ಶುರುವಾಗುತ್ತಿತ್ತು. 1341 ಫಸಲಿ ಎಂದರೆ 1931ರ ಅಕ್ಟೋಬರಿನಿಂದ 1932ರ ಅಕ್ಟೋಬರ್ ಮೊದಲ ವಾರದವರೆಗೆ. 590 ಕೂಡಿಸಬೇಕೋ 591 ಕೂಡಿಸಬೇಕೋ ಎಂಬುದನ್ನು ತಿಂಗಳು ನೋಡಿ ತೀರ್ಮಾನಿಸಬೇಕು. ಶಾಲೆಯ ಪುಸ್ತಕದಲ್ಲಿ ಸಾಲುಸಾಲಾಗಿ ಜೂನ್ 1 ಕಂಡರೆ ಅದು ಹೆಡ್‌ಮಾಸ್ತರರು ಅಂದಾಜಿನಲ್ಲಿ ಹಾಕಿದ ಹುಟ್ಟಿದ ದಿನ. ಇದಕ್ಕಿಂತ “ರಜಾಕಾರರ ಗಲಾಟೆಯಾಗ ನಾ ತೊಟ್ಟಿಲದಾಗಿದ್ದೆ” ಎಂಬಂಥ ಮಾತನ್ನು ನಾನು ಹೆಚ್ಚು ನಂಬುತ್ತೇನೆ. ಅದು 1947–48ರ ಆಸುಪಾಸಿಗೆ ತಂದು ನಿಲ್ಲಿಸುತ್ತದೆ. ದೀಕ್ಷಾಸ್ನಾನದ ತಾರೀಖು ಅದನ್ನು ಇನ್ನಷ್ಟು ಬಿಗಿಗೊಳಿಸುತ್ತದೆ.

1950ರ ನಂತರ ರಿಜಿಸ್ಟರಿನಲ್ಲಿ ಕೆಲವು ಮನೆತನಗಳು ಇದ್ದಕ್ಕಿದ್ದಂತೆ ನಿಂತುಹೋದರೆ, ಅವರು ಊರು ಬಿಟ್ಟರೆಂದು ಅವಸರದಲ್ಲಿ ಬರೆಯಬಾರದು. ಆ ವರ್ಷದ ಪರಿಶಿಷ್ಟ ಜಾತಿಗಳ ಆದೇಶ ಕ್ರೈಸ್ತರಾದವರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. ಓದು, ನೌಕರಿಗಳಿಗೆ ಬೇಕಾದ ಸರ್ಟಿಫಿಕೇಟಿನಲ್ಲಿ ಒಂದು ಹೆಸರು, ಪ್ರಾರ್ಥನೆಯ ಮನೆಯಲ್ಲಿ ಇನ್ನೊಂದು ಹೆಸರು ಇಟ್ಟುಕೊಳ್ಳುವ ಒತ್ತಡ ಹುಟ್ಟಿದ್ದು ಹೀಗೆ. ಇದನ್ನು ಮೋಸವೆಂದು ಓದುವವರು ಬಡತನವನ್ನು ಅರಿಯದವರು. ಅದಕ್ಕೇ ಈ ರಿಜಿಸ್ಟರುಗಳ ಬಳಕೆಗೆ ಒಂದು ಕಟ್ಟಳೆ ಬೇಕು: ಬದುಕಿರುವವರ ಎರಡು ಹೆಸರುಗಳನ್ನು ಒಂದೇ ಪುಟದಲ್ಲಿ ಜೋಡಿಸಿ ಯಾರೂ ಅಚ್ಚು ಹಾಕಕೂಡದು. ವಂಶಾವಳಿ ಆ ಮನೆಯವರ ಸೊತ್ತು; ಅವರು ಒಪ್ಪಿದಷ್ಟೇ ಹೊರಬರಬೇಕು.

ಗಡಿಯ ಮಾತೂ ಇದೆ. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಬೀದರ, ಭಾಲ್ಕಿ, ಔರಾದ ಮೈಸೂರಿಗೆ ಬಂದವು. ಉದಗೀರ, ನಿಲಂಗಾ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್ ಆಂಧ್ರಕ್ಕೆ ಹೋದವು. ನಂಟಸ್ತಿಕೆ ಮಾತ್ರ ಹಳೆಯ ಜಿಲ್ಲೆಯಲ್ಲೇ ಉಳಿಯಿತು. ಜನವಾಡದ ಸೊಸೆಯ ದೀಕ್ಷಾಸ್ನಾನ ಜಹೀರಾಬಾದಿನ ಕಡೆಯ ಪುಸ್ತಕದಲ್ಲಿ ತೆಲುಗಿನಲ್ಲೋ, ಉದಗೀರದ ಕಡೆಯದರಲ್ಲಿ ಮರಾಠಿಯಲ್ಲೋ ಇದ್ದೀತು. ನಿಜಾಮರ ಆಡಳಿತದ ಮೇಲ್ಮಟ್ಟದ ಕಡತಗಳಿಗೆ ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ಮಿಷನರಿಗಳ ಪತ್ರ, ವರದಿಗಳಿಗೆ ಅಮೆರಿಕದ ನ್ಯೂಜೆರ್ಸಿಯ ಡ್ರೂ ವಿಶ್ವವಿದ್ಯಾಲಯದಲ್ಲಿರುವ ಮೆಥೋಡಿಸ್ಟ್ ಸಂಗ್ರಹವೇ ಗತಿ. ಆ ವರದಿಗಳಲ್ಲಿ ಸೇರಿದವರ ಸಂಖ್ಯೆ ಹೇರಳವಾಗಿದೆ, ಹೆಸರುಗಳು ವಿರಳ. ಹೆಸರಿರುವ ಪುಸ್ತಕಗಳ ಜಾಗ ಹಳ್ಳಿಯ ಚರ್ಚುಗಳ ಬೀರು, ಪಾಸ್ಟರರ ಮನೆಯ ಟ್ರಂಕು. ಪಾಸ್ಟರರ ವರ್ಗಾವಣೆಯಾದಾಗ, ಗೆದ್ದಲು ಹಿಡಿದಾಗ, ಮಾಳಿಗೆ ಸೋರಿದಾಗ ಅವು ಕೈತಪ್ಪುತ್ತವೆ. ಬೀದರ, ಭಾಲ್ಕಿ, ಔರಾದಗಳ ಸಭೆಗಳು ಊರೂರಿನ ಪುಸ್ತಕದ ಯಾದಿಯೊಂದನ್ನು ಮೊದಲು ಮಾಡಿ, ಪುಟಪುಟದ ಫೋಟೊ ತೆಗೆಸಿ, ಮೂಲವನ್ನು ಆಯಾ ಊರಿನಲ್ಲೇ ಇಟ್ಟುಕೊಳ್ಳಬೇಕು. ಮದುವೆಯ ಪುಸ್ತಕಗಳಿಂದ ಈ ಕೆಲಸ ಶುರುವಾಗಲಿ. ಎರಡು ಊರು, ಎರಡು ಮನೆತನಗಳನ್ನು ಒಟ್ಟಿಗೆ ಹಿಡಿದಿಡುವ ನಮೂದುಗಳು ಇರುವುದು ಅವುಗಳಲ್ಲೇ.