ಬಹುಮಹಡಿ ಕಟ್ಟಡ: ಬೆಂಕಿಗೆ ಮೊದಲು ಹೊಗೆಯ ಭಯ

ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು ಸಂಭವಿಸಿದ ಅಗ್ನಿ ದುರಂತ 9 ಮಂದಿಯನ್ನು ಬಲಿ ತೆಗೆದುಕೊಂಡಿತು. ವಿದ್ಯುತ್ ಕೇಬಲ್‌ಗಳ ಡಕ್ಟ್ ಮೂಲಕ ಏರಿದ ದಟ್ಟ ಹೊಗೆ ಮೇಲಿನ ಮಹಡಿಗಳನ್ನು ಆವರಿಸಿತು. ಉಸಿರುಗಟ್ಟಿದ ಕೆಲವರು ಕಿಟಕಿಯಿಂದ ಜಿಗಿದು ಪ್ರಾಣ ಕಳೆದುಕೊಂಡರು.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು 15 ಮೀಟರ್ ಹಾಗೂ ಅದಕ್ಕಿಂತ ಎತ್ತರದ ಕಟ್ಟಡಗಳನ್ನು ಬಹುಮಹಡಿ ಕಟ್ಟಡಗಳೆಂದು ಪರಿಗಣಿಸುತ್ತದೆ. ಇಂತಹ ಕಟ್ಟಡಗಳಲ್ಲಿ ಡಕ್ಟ್, ಲಿಫ್ಟ್ ಗುಂಡಿ ಹಾಗೂ ತೆರೆದ ಮೆಟ್ಟಿಲುಗಳು ಹೊಗೆಗೆ ಚಿಮಣಿಯಾಗುತ್ತವೆ. ಆದ್ದರಿಂದ ಡಕ್ಟ್‌ನ ರಂಧ್ರಗಳನ್ನು ಪ್ರತಿ ಮಹಡಿಯಲ್ಲಿಯೂ ಬೆಂಕಿ ನಿರೋಧಕ ವಸ್ತುವಿನಿಂದ ಮುಚ್ಚಬೇಕು. ತುರ್ತು ಮೆಟ್ಟಿಲಿನ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುವಂತಿರಬೇಕು. ಅದಕ್ಕೆ ಬೀಗ ಹಾಕಿರಬಾರದು. ಮೆಟ್ಟಿಲಲ್ಲಿ ಸಾಮಾನು ಇರಿಸಕೂಡದು.

ಬೆಂಕಿ ಕಂಡೊಡನೆ ಎಚ್ಚರಿಕೆ ಗಂಟೆ ಬಾರಿಸಿ, 101 ಅಥವಾ 112ಕ್ಕೆ ಕರೆ ಮಾಡಬೇಕು. ಲಿಫ್ಟ್ ಬಳಸದೆ ಮೆಟ್ಟಿಲಿನಿಂದ ಇಳಿಯಬೇಕು. ಮೆಟ್ಟಿಲಲ್ಲಿ ಹೊಗೆ ತುಂಬಿದ್ದರೆ ಕೋಣೆಯ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಿಂದ ನೆರವು ಕೋರುವುದು ಲೇಸು.

ಹೊರಬಂದವರು ನಿಗದಿತ ಸ್ಥಳದಲ್ಲಿ ಸೇರಿದರೆ ಮಾತ್ರ ಒಳಗುಳಿದವರ ಲೆಕ್ಕ ಸಿಗುತ್ತದೆ. ವೃದ್ಧರು, ಅಂಗವಿಕಲರನ್ನು ಕರೆತರುವ ಹೊಣೆ ಯಾರದೆಂಬುದನ್ನು ಮೊದಲೇ ಗೊತ್ತುಪಡಿಸಿ, ಆರು ತಿಂಗಳಿಗೊಮ್ಮೆಯಾದರೂ ಅಣಕು ತಾಲೀಮು ನಡೆಸುವುದು ಅವಶ್ಯ.