ಪೀಟರ್‌ಬರೋದ ಕರಿಯ ಬೇಟೆಗಾರರು

ಇಂಗ್ಲೆಂಡಿನ ಪೀಟರ್‌ಬರೋ ಮಠದ ವೃತ್ತಾಂತದಲ್ಲಿ 1127ರ ಬರಹವನ್ನು ಓದುವಾಗಲೆಲ್ಲ ನನಗೆ ಭಯಕ್ಕಿಂತ ಕನಿಕರವೇ ಹೆಚ್ಚು. ಊರಿನ ಜಿಂಕೆವನದಿಂದ ಸ್ಟ್ಯಾಮ್‌ಫರ್ಡಿನವರೆಗಿನ ಕಾಡುಗಳಲ್ಲೆಲ್ಲ ಕರಿಯ ಕುದುರೆ, ಕರಿಯ ಹೋತಗಳನ್ನೇರಿದ ಕರಿಯ ಬೇಟೆಗಾರರು ಕಂಡರಂತೆ. ನಾಯಿಗಳೂ ಕಪ್ಪು, ಅಗಲಗಣ್ಣಿನವು. ರಾತ್ರಿ ಕೊಂಬೂದುವವರೇ 20–30 ಮಂದಿ! ಈಸ್ಟರ್ ಹಬ್ಬದವರೆಗೂ ಇದು ನಡೆಯಿತು.

ಇಂಥ ಕಥೆಗಳ ಹಿಂದೆ ಯಾಕೋಬ್ ಗ್ರಿಮ್ 1835ರಲ್ಲಿ ಹಳೆಯ ವೋಡನ್ ದೇವತೆಯನ್ನು ಕಂಡನು. ಇದ್ದರೂ ಇರಬಹುದು. ಆದರೆ ಬರೆದ ಸಂನ್ಯಾಸಿಯ ಸಂಕಟ ಬೇರೆ. ಅರಸ ಒಂದನೆಯ ಹೆನ್ರಿ ತನ್ನ ನಂಟನಾದ ಪ್ವಾತುವಿನ ಹೆನ್ರಿಗೆ, ಅವನ ಕೈಯಲ್ಲಿ ಫ್ರಾನ್ಸಿನ ಮಠವೊಂದು ಇದ್ದಾಗಲೇ, ಇದನ್ನೂ ಕೊಟ್ಟಿದ್ದನು. ಬೇಟೆಗಾರರು ಕಂಡದ್ದು ಈ ಹೊಸ ಮಠಾಧಿಪತಿ ಬಂದಮೇಲೆಯೇ ಎಂಬುದನ್ನು ಸಂನ್ಯಾಸಿ ಮರೆಯದೆ ಹೇಳುತ್ತಾನೆ. ಬೇಟೆಗೆ ಸಿಕ್ಕಿದ್ದು ತನ್ನ ಮಠವೇ ಎಂಬುದು ಅವನ ಇಂಗಿತವೆಂದು ನನಗೆ ತೋರುತ್ತದೆ. ಅರಸನು ಆ ನಂಟನಿಂದ ಮಠವನ್ನು ಬಿಡಿಸಿದ್ದು 1132ರಲ್ಲಿ.