ಕಾಣೆಯಾದ ಮುತ್ತಜ್ಜನನ್ನು ಹುಡುಕುವ ಬಗೆ: ಹಳೆಯ ಇಗರ್ಜಿ ದಾಖಲೆಗಳ ಬಳಕೆ

ಶಕ್ತಿನಗರ: ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಅಂದಿನಿಂದ ಕೃಷ್ಣಾ ತೀರದ ಈ ಊರಿಗೆ ರಾಜ್ಯದ ನಾನಾ ಕಡೆಯಿಂದ ಜನ ಬಂದು ನೆಲೆಸಿದ್ದಾರೆ. ಕರಾವಳಿಯಿಂದ ಹೀಗೆ ಘಟ್ಟ ಹತ್ತಿ ಬಂದ ಕಥೊಲಿಕ ಕುಟುಂಬದಲ್ಲಿ ಮೊಮ್ಮಕ್ಕಳಿಗೆ ಅಜ್ಜನ ಊರು ಗೊತ್ತಿರುತ್ತದೆ, ಅಜ್ಜ ಜ್ಞಾನಸ್ನಾನ ಪಡೆದ ಇಗರ್ಜಿ ಗೊತ್ತಿರುವುದಿಲ್ಲ. ಮುತ್ತಜ್ಜನ ಹೆಸರು ಕೇಳಿದರೆ ಸಿಗುವುದು ಮನೆಯಲ್ಲಿ ಕರೆಯುತ್ತಿದ್ದ ಹೆಸರು ಮಾತ್ರ. ಅದನ್ನು ಬಲ್ಲ ಹಿರಿಯರೂ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಆದ್ದರಿಂದ ಹುಡುಕಾಟ ಶುರುವಾಗಬೇಕಾದದ್ದು ದಫ್ತರಿನಿಂದಲ್ಲ, ಅಜ್ಜಿಯ ಪಕ್ಕ ಕುಳಿತು.

ಪ್ರತಿ ಧರ್ಮಕೇಂದ್ರದಲ್ಲೂ ಜ್ಞಾನಸ್ನಾನ, ವಿವಾಹ ಹಾಗೂ ಮರಣದ ಪುಸ್ತಕಗಳು ಇರಲೇಬೇಕೆಂದು ಧರ್ಮಸಭೆಯ ಕಾನೂನು ಹೇಳುತ್ತದೆ. ಇವುಗಳಲ್ಲಿ ಅತಿ ಹೆಚ್ಚು ಉಪಯುಕ್ತವಾದದ್ದು ಜ್ಞಾನಸ್ನಾನದ ಪುಸ್ತಕ, ಅದರಲ್ಲೂ ಪುಟದ ಅಂಚು. ಒಬ್ಬರು ಬೇರೆ ಊರಿನಲ್ಲಿ ಮದುವೆಯಾದರೆ ಅಲ್ಲಿನ ಧರ್ಮಗುರುಗಳು ಜ್ಞಾನಸ್ನಾನವಾದ ಇಗರ್ಜಿಗೆ ತಿಳಿಸಬೇಕು, ಅದನ್ನು ಅಲ್ಲಿ ಅಂಚಿನಲ್ಲಿ ಬರೆದಿಡಬೇಕು. 1908ರಲ್ಲಿ ಜಾರಿಗೆ ಬಂದ ‘ನೆ ತೆಮೆರೆ’ ಆದೇಶದಿಂದ ಈ ಪದ್ಧತಿ ಕಡ್ಡಾಯವಾಯಿತು. ಊರು ಬಿಟ್ಟು ಹೋಗಿ ಪತ್ತೆಯೇ ಇಲ್ಲದ ದೊಡ್ಡಜ್ಜ ಎಲ್ಲಿ ಮದುವೆಯಾದರು ಎಂಬುದು ಆ ಅಂಚಿನ ಒಂದು ಸಾಲಿನಲ್ಲಿ ಸಿಗಬಹುದು. ಮರಣದ ಪುಸ್ತಕದಲ್ಲಿ ಬರೆದ ವಯಸ್ಸನ್ನು ಮಾತ್ರ ಅಷ್ಟಾಗಿ ನಂಬಬೇಡಿ.

ಹೆಸರಿನ ತೊಡಕು ದೊಡ್ಡದು. ಮನೆಯಲ್ಲಿ ಬಸ್ತ್ಯಾಂವ್ ಆದವರು ಪುಸ್ತಕದಲ್ಲಿ ಸೆಬಾಸ್ತಿಯಾನುಸ್. ಜುವಾಂವ್ ಎಂದರೆ ಯೊವಾನ್ನೆಸ್. ಲೊರ್ಸು ಎಂದರೆ ಲಾವ್ರೆನ್ಸಿಯುಸ್. ಲತೀನ್, ಪೋರ್ತುಗೀಸ್, ಇಂಗ್ಲಿಷ್ ಎಲ್ಲವೂ ಬರಬಹುದು. ಡಿಸೋಜ, ಫೆರ್ನಾಂಡಿಸ್‌ಗಳು ಊರು ತುಂಬ ಇರುವಾಗ ಅಡ್ಡಹೆಸರಿಗಿಂತ ಮನೆತನದ ಹೆಸರು, ವಾಳೆಯ ಹೆಸರು, ಜ್ಞಾನಪಿತರ ಹೆಸರು ಇವೇ ಗುರುತು ಹಿಡಿಯಲು ನೆರವಾಗುತ್ತವೆ. ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರಿಡುವ ವಾಡಿಕೆ ನಮ್ಮಲ್ಲಿತ್ತು. ಹಿರಿಯ ಮೊಮ್ಮಗನ ಹೆಸರು ತಿಳಿದರೆ ಅಜ್ಜನ ಹೆಸರನ್ನು ಊಹಿಸಬಹುದು. ಆದರೆ ಅದು ಊಹೆಯೇ, ದಾಖಲೆಯಲ್ಲ.

ಸ್ಕಾಟ್ಲೆಂಡಿನಲ್ಲೂ ಇದೇ ವಾಡಿಕೆ ಇತ್ತು. ಅಲ್ಲಿ 1553ರಿಂದ 1854ರವರೆಗಿನ ಹಳೆಯ ಧರ್ಮಕೇಂದ್ರ ಪುಸ್ತಕಗಳು, 1855ರ ನಂತರದ ಸರ್ಕಾರಿ ನೋಂದಣಿ, ಕಥೊಲಿಕರ ಪುಸ್ತಕಗಳು ಎಲ್ಲವನ್ನೂ ಒಂದೇ ಸರ್ಕಾರಿ ವೆಬ್‌ಸೈಟಿನಲ್ಲಿ ಹುಡುಕಬಹುದು. ಆದರೂ ಅವರಿಗೂ ಮುತ್ತಜ್ಜಂದಿರು ತಪ್ಪಿಸಿಕೊಳ್ಳುತ್ತಾರೆ. 1783ರಿಂದ 1794ರವರೆಗೆ ಪ್ರತಿ ದಾಖಲೆಗೆ ಮೂರು ಪೆನ್ನಿ ತೆರಿಗೆ ಇದ್ದುದರಿಂದ ಹಲವು ಬಡವರು ಮಕ್ಕಳ ಹೆಸರು ಬರೆಸಲೇ ಇಲ್ಲ.

ನಮ್ಮ ಕೊರತೆ ಅದೇ ಕಾಲದ್ದು, ಕಾರಣ ಬೇರೆ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದನು, ಅನೇಕ ಇಗರ್ಜಿಗಳನ್ನು ಕೆಡವಲಾಯಿತು. 1799ರಲ್ಲಿ ಬಿಡುಗಡೆಯಾದವರು ಮರಳಿ ಬಂದು ಹೊಸದಾಗಿ ಬದುಕು ಕಟ್ಟಿಕೊಂಡರು. ಹಾಗಾಗಿ ಹೆಚ್ಚಿನ ಕುಟುಂಬಗಳ ಕಾಗದದ ಜಾಡು 19ನೇ ಶತಮಾನದಲ್ಲೇ ನಿಲ್ಲುತ್ತದೆ. ಅದಕ್ಕೂ ಹಿಂದೆ ಗೋವಾದ ಯಾವ ಹಳ್ಳಿಯಿಂದ ಬಂದೆವು ಎಂದು ಖಚಿತವಾಗಿ ಹೇಳುವವರನ್ನು ಕಂಡರೆ ಆಧಾರ ಕೇಳುವುದು ಒಳ್ಳೆಯದು. ಮಂಗಳೂರಿನ ಡಾ. ಮೈಕಲ್ ಲೋಬೊ ಅವರು ನೂರಾರು ಕುಟುಂಬಗಳ ವಂಶಾವಳಿ ಸಂಗ್ರಹಿಸಿದ್ದಾರೆ. ನಿಮ್ಮ ಮನೆತನ ಅದರಲ್ಲಿದೆಯೇ ಎಂದು ಮೊದಲು ನೋಡಿ. 1886ಕ್ಕೆ ಮುಂಚೆ ಕರಾವಳಿಯ ಕೆಲವು ಇಗರ್ಜಿಗಳು ಗೋವಾ ಮಹಾಧರ್ಮಾಧ್ಯಕ್ಷರ ಅಧೀನದಲ್ಲಿದ್ದವು, ಅವುಗಳ ಪತ್ರಗಳಿಗೆ ಗೋವಾದಲ್ಲೂ ವಿಚಾರಿಸಬೇಕು.

ರಾಯಚೂರು, ದೇವದುರ್ಗ, ಮಾನ್ವಿ ಭಾಗದಲ್ಲೇ ಹುಟ್ಟಿ ಬೆಳೆದ ಕುಟುಂಬಗಳ ದಾರಿ ಬೇರೆ. ಇಲ್ಲಿನ ಧರ್ಮಕೇಂದ್ರಗಳು 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿವೆ. ಮುದಗಲ್ ಈ ಜಿಲ್ಲೆಯ ಹಳೆಯ ಕಥೊಲಿಕ ನೆಲೆ. ಹಿರಿಯರು ಆ ಕಡೆಯವರಾಗಿದ್ದರೆ ಮೊದಲು ಅಲ್ಲೇ ಕೇಳಿ. ನಿಜಾಮರ ಕಾಲದ ಸರ್ಕಾರಿ ಕಾಗದಗಳು ಹೆಚ್ಚಾಗಿ ಉರ್ದುವಿನಲ್ಲಿರುವುದರಿಂದ ಓದಿಸಲು ತಿಳಿದವರ ಸಹಾಯ ಬೇಕಾಗುತ್ತದೆ.

ಧರ್ಮಗುರುಗಳಿಗೆ ಪತ್ರ ಬರೆಯುವಾಗ ಮನೆಹೆಸರು, ಪುಸ್ತಕದ ಹೆಸರು, ತಂದೆತಾಯಿಯರ ಹೆಸರು, ವಾಳೆ, ಅಂದಾಜು ಇಸವಿ (ಮುಂದೆ ಹಿಂದೆ ಐದು ವರ್ಷ) ನಮೂದಿಸಿ. ಮದುವೆಗಾಗಿ ಬೇಕಾದ ಜ್ಞಾನಸ್ನಾನ ಪತ್ರ ಇತ್ತೀಚೆಗೆ ಕೊಟ್ಟದ್ದಾಗಿರಬೇಕು. ವಂಶಾವಳಿಗಾದರೆ ಅಂಚಿನ ಬರಹವನ್ನೂ ನಕಲು ಮಾಡಿಕೊಡುವಂತೆ ವಿನಂತಿಸಿ. ಹಳೆಯ ಪುಟಗಳು ಮುಟ್ಟಿದರೆ ಉದುರುತ್ತವೆ, ಅನುಮತಿಯಿಲ್ಲದೆ ಫೋಟೋ ತೆಗೆಯಬೇಡಿ. ವಾರ್ಷಿಕ ಹಬ್ಬದ ವಾರ ಹೋದರೆ ಕಚೇರಿಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ.